ಪಾತ್ರೆ ತೊಳೆಯುವ ಯಂತ್ರದ ಸದ್ದು

ಬೇಲೂರು
೮-೭-೧೯೬೩, ಸೋಮವಾರ

ಚಿ. ಸೌ. ಗೋದಾಳಿಗೆ ಅಮ್ಮನ ಆಶೀರ್ವಾದಗಳು.

‘ಇಲ್ಲಿ ಎಲ್ಲರೂ ಕ್ಷೇಮ’ ಎಂಬ ವಾಕ್ಯದಿಂದ ಪತ್ರವನ್ನು ಆರಂಭಿಸಬೇಕೆಂದು ನಿನಗೆ ಕಲಿಸಿದವಳು ನಾನೇ. ಇಂದು ಆ ವಾಕ್ಯವನ್ನು ಬರೆಯಲು ನನಗೆ ಕೈ ಬರಲಿಲ್ಲ. ಗಾಬರಿಪಡಬೇಡ, ನನ್ನ ಮೈಗೆ ಏನೂ ಆಗಿಲ್ಲ. ಐದು ತಿಂಗಳ ಗರ್ಭಿಣಿಯನ್ನು ಹೆದರಿಸುವುದು ನನ್ನ ಉದ್ದೇಶವೂ ಅಲ್ಲ. ಆದರೆ ನಿನ್ನೆ ಭಾನುವಾರ ನಮ್ಮ ಹಿತ್ತಿಲ ಜಗುಲಿಯಲ್ಲಿ ನಡೆದದ್ದು ನಿನಗೆ ಮೊದಲು ನನ್ನಿಂದ ತಿಳಿಯಬೇಕು. ಅಳಿಯಂದಿರು ಇಲ್ಲಿಂದ ನೇರವಾಗಿ ಬೀರೂರಿನ ಕೆಲಸಕ್ಕೆ ಹೋಗಿದ್ದಾರೆ. ಬುಧವಾರ ಅರಸೀಕೆರೆಗೆ ಬರುತ್ತಾರೆ. ಈ ಪತ್ರ ನಾಳೆಯೇ ನಿನ್ನ ಕೈ ಸೇರಿದರೆ, ಅವರು ಬಾಗಿಲಿಗೆ ಬರುವಷ್ಟರಲ್ಲಿ ನಿನ್ನ ಕೋಪ ಅರ್ಧವಾದರೂ ಇಳಿದಿರುತ್ತದೆ. ಹಾಗೆಂದು ಆಶಿಸುತ್ತೇನೆ.

ನೀನು ಕೇಳಿಕೊಂಡದ್ದನ್ನು ನಾನು ಮರೆತಿಲ್ಲ. ‘ಅಮ್ಮ, ನೀನು ಸುಳ್ಳು ಹೇಳಬೇಕಾಗಿಲ್ಲ. ಮಿಷಿನ್ನು ಗಲಾಟೆ ಮಾಡುತ್ತದೆ, ಮಾಡಲು ಬಿಡು, ಅಷ್ಟೆ’ ಎಂದು ಬರೆದಿದ್ದೆ. (‘ಯಂತ್ರ’ ಎಂಬ ಒಳ್ಳೆಯ ಶಬ್ದವಿರುವಾಗ ‘ಮಿಷಿನ್ನು’ ಏಕೆ? ಇರಲಿ.) ಹಣ ಹಾಕಲಿರುವ ರೇವಣಸಿದ್ದಪ್ಪನವರು ಭಾನುವಾರ ಬಂದು ಆ ಗದ್ದಲವನ್ನು ಕೇಳಿದರೆ ತಲೆಯಾಡಿಸಿ ಹಿಂದಿರುಗುತ್ತಾರೆ, ತಮ್ಮ ಕೊಬ್ಬರಿ ಗೋದಾಮಿನಲ್ಲಿ ಇಂಥ ಯಂತ್ರಗಳನ್ನು ತಯಾರಿಸುವ ಯೋಚನೆಯನ್ನು ಕೈಬಿಡುತ್ತಾರೆ, ನಿನ್ನ ಯಜಮಾನರು ರೈಲ್ವೆಯ ನೌಕರಿಯಲ್ಲೇ ಉಳಿಯುತ್ತಾರೆ ಎಂಬುದು ನಿನ್ನ ಲೆಕ್ಕ. ಅವರು ಒಪ್ಪಿಬಿಟ್ಟರೆ ಇವರು ರಾಜೀನಾಮೆ ಕೊಡುತ್ತಾರೆ. ನೌಕರಿಯೊಂದಿಗೆ ಕ್ವಾರ್ಟರ್ಸು, ರೈಲ್ವೆ ಆಸ್ಪತ್ರೆ ಎಲ್ಲವೂ ಹೋಗುತ್ತವೆ, ಅದೂ ಮಗು ಹುಟ್ಟುವ ಹೊತ್ತಿಗೆ ಎಂಬುದು ನಿನ್ನ ಭಯ. ಆ ಭಯದಲ್ಲಿ ತಪ್ಪಿದೆಯೆಂದು ನಾನು ಹೇಳಲಾರೆ. ನಿನ್ನ ತಂದೆಯವರು ತೀರಿಕೊಂಡ ಮೇಲೆ ನಾವಿಬ್ಬರೂ ನಿಂತದ್ದು ನನ್ನ ಮೇಷ್ಟರಿಕೆಯ ಒಂದು ಸರ್ಕಾರಿ ಸಂಬಳದ ಮೇಲೆ. ತಿಂಗಳು ಹುಟ್ಟಿದರೆ ಸಂಬಳ ಬಂದೇ ಬರುತ್ತದೆಂಬ ಧೈರ್ಯ ಎಷ್ಟು ದೊಡ್ಡದೆಂಬುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ನಿನ್ನ ಪತ್ರವನ್ನು ಓದಿ ಮಡಿಸಿದಾಗ ನಾನು ನಿನ್ನ ಪಕ್ಷದಲ್ಲೇ ಇದ್ದೆ. ಮುಂದೆ ಏನನ್ನು ಓದಿದರೂ ಈ ಒಂದು ಮಾತನ್ನು ಮರೆಯಬೇಡ.

ಮೊದಲಿನಿಂದ ಹೇಳುತ್ತೇನೆ. ಆ ಯಂತ್ರ ಇಲ್ಲಿಗೆ ಬಂದ ಮೇಲೆ ನಡೆದದ್ದು ನಿನಗೆ ತುಂಡು ತುಂಡಾಗಿ ಮಾತ್ರ ಗೊತ್ತು. ತುಂಡುಗಳಿಂದ ತೀರ್ಪು ಮಾಡುವುದು ನ್ಯಾಯವಲ್ಲ.

ಕಳೆದ ತಿಂಗಳು ಅಳಿಯಂದಿರು ತಾವೇ ತಯಾರಿಸಿದ ಆ ವಸ್ತುವನ್ನು ಬಸ್ಸಿನ ಮೇಲೆ ಹೇರಿಕೊಂಡು ಬಂದು ಇಳಿದಾಗ ಕೇರಿಯೆಲ್ಲ ಬಾಗಿಲಿಗೆ ಬಂದು ನಿಂತಿತ್ತು. ಸತುವಿನ ತಗಡಿನ ಪೀಪಾಯಿ, ಒಳಗೆ ತಂತಿಯ ಬುಟ್ಟಿ, ಕೆಳಗೆ ಮೋಟಾರು. ಮೋಟಾರಿನ ಕಂಬಿ ಪೀಪಾಯಿಯ ತಳವನ್ನು ತೂರಿ ಮೇಲೆ ಬಂದು ಒಂದು ರೆಕ್ಕೆಯನ್ನು ತಿರುಗಿಸುತ್ತದೆ. ರೆಕ್ಕೆ ಬಿಸಿನೀರನ್ನು ಎತ್ತಿ ಪಾತ್ರೆಗಳ ಮೇಲೆ ಎರಚುತ್ತದೆ. ಇಷ್ಟನ್ನು ನಾನು ಮೊದಲ ದಿನವೇ ತಿಳಿದುಕೊಂಡೆ. ನಮ್ಮ ಮನೆಗೇ ಏಕೆ ತಂದಿರಿ ಎಂದು ಕೇಳಿದಾಗ, ‘ರೇವಣಸಿದ್ದಪ್ಪನವರದು ಒಂದೇ ಷರತ್ತು ಅತ್ತೆ. ಮಡಿ ಮನೇಲಿ ನಡೆದ್ರೆ ಎಲ್ಲಾ ಮನೇಲೂ ನಡೆಯುತ್ತೆ ಅಂತಾರೆ. ನಿಮ್ಮಷ್ಟು ಕಟ್ಟುನಿಟ್ಟಾದ ಪರೀಕ್ಷಕರು ನನಗೆ ಇನ್ನೆಲ್ಲಿ ಸಿಕ್ತಾರೆ?’ ಎಂದರು. ಹೊಗಳಿಕೆಗೆ ಅಮ್ಮ ಸೋತಳೆಂದು ನೀನು ಆಗಲೇ ನಕ್ಕಿದ್ದೆ. ಸೋತದ್ದು ನಿಜ.

ನಿಮ್ಮ ಕ್ವಾರ್ಟರ್ಸಿನಲ್ಲಿ ಅದು ಸದ್ದಿಲ್ಲದೆ ನಡೆಯುತ್ತಿತ್ತು. ಪಕ್ಕದ ಕೋಣೆಯಲ್ಲಿ ಮಲಗಿದವರಿಗೂ ಎಚ್ಚರವಾಗದೆಂದು ನೀನೇ ಬರೆದಿದ್ದೆ. ಇಲ್ಲಿ ಗುಂಡಿಯನ್ನು ಒತ್ತಿದೊಡನೆ ಮೊದಲು ಗೊರಗೊರ, ಆಮೇಲೆ ಕಟಕಟ, ನೀರಿನ ಬಿಸಿ ಏರುತ್ತಿದ್ದಂತೆ ತಗಡನ್ನು ಉಗುರಿನಿಂದ ಗೀರಿದಂಥ ಒಂದು ಕೀರಲು. ಗೋಡೆಯಾಚೆಯ ಶ್ರೀರಂಗಮ್ಮ ಸೆರಗನ್ನು ಕಿವಿಗೆ ಒತ್ತಿಕೊಂಡು ಹಿತ್ತಿಲ ಬಾಗಿಲಿಗೆ ಬಂದರು.

‘ವೇದವಲ್ಲಿ, ಬಸ್ ಸ್ಟ್ಯಾಂಡನ್ನ ನಿಮ್ಮ ಹಿತ್ತಿಲಿಗೇ ತಂದುಬಿಟ್ರೇನ್ರೀ? ನಮ್ಮ ಹಸು ಹಾಲು ಏರಿಸಿಕೊಂಡು ನಿಂತಿದೆ ಕಣ್ರೀ!’

ಪಾತ್ರೆ ತೊಳೆಯುವ ಕಾಂತಮ್ಮನಂತೂ ಸೊಂಟದ ಮೇಲೆ ಕೈಯಿಟ್ಟುಕೊಂಡು ಅದನ್ನು ಸುತ್ತು ಹಾಕಿ ನೋಡಿದಳು. ‘ಅಮ್ಮೋರೆ, ನಾನೂ ಇಷ್ಟು ವರ್ಸದಿಂದ ಬೆಳಗ್ತಾ ಇವ್ನಿ. ಒಂದಿನನಾರ ಹಿಂಗೆ ಬಾಯಿ ಮಾಡಿವ್ನಾ? ಇದುಕ್ಕೆ ಮಾತ್ರ ಸಂಬಳ ಕೊಟ್ಟೀರಿ!’ ಎಂದಳು.

ಹೀಗೆ ಸುತ್ತಲಿನವರು ನಗುತ್ತಿರುವಾಗ ನನಗೆ ನಗು ಬರಲಿಲ್ಲ. ಅರಸೀಕೆರೆಯಲ್ಲಿ ಸುಮ್ಮನಿದ್ದದ್ದು ಬೇಲೂರಿಗೆ ಬಂದೊಡನೆ ಹೀಗೇಕೆ ಅರಚಬೇಕು? ತಪ್ಪು ಯಂತ್ರದ್ದೋ, ಮನೆಯದ್ದೋ, ನನ್ನದೋ? ಕಾರಣ ತಿಳಿಯದೆ ಅಂಕ ಹಾಕುವುದು ನನ್ನ ಜಾಯಮಾನವಲ್ಲ. ಆದ್ದರಿಂದ ಹುಡುಕಲು ತೊಡಗಿದೆ. ಇದು ನಿನ್ನ ಪತ್ರ ಬರುವ ಮೊದಲಿನ ಮಾತು.

ನೀರು ಹರಿದು ಹೋಗಲೆಂದು ನಮ್ಮ ಜಗುಲಿಯ ಕಲ್ಲು ಬಚ್ಚಲಿನ ಕಡೆಗೆ ಇಳಿಜಾರಾಗಿದೆ, ನಿನಗೆ ಗೊತ್ತು. ಯಂತ್ರ ಓರೆಯಾಗಿ ನಿಂತು ನಡುಗುತ್ತಿರಬಹುದೆಂದು ಒಂದು ಮೂಲೆಗೆ ಮರದ ಚಕ್ಕೆಯನ್ನು ಕೊಟ್ಟು, ಮುಚ್ಚಳದ ಮೇಲೆ ನೀರು ತುಂಬಿದ ತಟ್ಟೆಯನ್ನಿಟ್ಟು ಸಮವಾಗಿ ನಿಂತಿದೆಯೆಂದು ಖಚಿತಪಡಿಸಿಕೊಂಡೆ. ಸದ್ದು ಹೋಗಲಿಲ್ಲ. ಜಾವಗಲ್ಲಿನಿಂದ ಹಳೇಬೀಡಿನವರೆಗಿನ ರಸ್ತೆಯಲ್ಲಿ ಬಸ್ಸಿನ ನೆತ್ತಿಯ ಮೇಲೆ ಕುಣಿದುಕೊಂಡು ಬಂದ ವಸ್ತುವಿನ ತಿರುಪುಗಳು ಸಡಿಲವಾಗಿರಬೇಕೆಂದು, ಅಳಿಯಂದಿರು ಬಿಟ್ಟುಹೋಗಿದ್ದ ಉಪಕರಣದಿಂದ ಒಂದೊಂದನ್ನೂ ಬಿಗಿದೆ. ಮುಂಗೈ ನೋಯಿತೇ ಹೊರತು ಸದ್ದು ಕುಗ್ಗಲಿಲ್ಲ. ನಮ್ಮ ಚೊಂಬು, ಗುಂಡು, ಕೊಳದಪ್ಪಲೆಗಳೆಲ್ಲ ದುಂಡು ತಳದವು. ಬುಟ್ಟಿಯಲ್ಲಿ ಕೂರದೆ ಉರುಳಿ ಒಂದಕ್ಕೊಂದು ಬಡಿಯುತ್ತಿರಬಹುದೆಂದು ಎಲ್ಲವನ್ನೂ ಹೊರಗಿಟ್ಟು ಬರಿಯ ನೀರನ್ನು ತುಂಬಿ ನಡೆಸಿದೆ. ಒಳಗೆ ಒಂದು ಚಮಚವೂ ಇಲ್ಲದಿದ್ದರೂ ಅದು ಹಾಗೆಯೇ ಗೊರಗುಟ್ಟಿತು. ಇನ್ನು ಉಳಿದದ್ದು ವಿದ್ಯುತ್ತು. ಸಂಜೆ ಊರಿನ ದೀಪಗಳೆಲ್ಲ ಹತ್ತಿದಾಗ ಕರೆಂಟು ಸೊರಗುತ್ತದೆ. ಅದಕ್ಕಾಗಿ ಬೆಳಗಿನ ಜಾವದಲ್ಲೂ ನಡೆಸಿ ನೋಡಿದೆ. ಶ್ರೀರಂಗಮ್ಮನವರು ನನ್ನೊಂದಿಗೆ ಮಾತು ಬಿಟ್ಟದ್ದು ಅಂದಿನಿಂದ.

ಇಷ್ಟಾದ ಮೇಲೆ ದೋಷ ಹೊರಗಿಲ್ಲ, ಒಳಗಿದೆ ಎಂದು ತೀರ್ಮಾನಿಸಿದೆ. ಪೀಪಾಯಿಯನ್ನು ಬಿಚ್ಚಬೇಕೆಂದು ಹೊರಟಾಗಲೇ ನಿನ್ನ ಪತ್ರ ಬಂತು.

ಓದಿ, ಉಪಕರಣವನ್ನು ಗೂಡಿನಲ್ಲಿಟ್ಟೆ. ಅಂದಿನಿಂದ ಯಂತ್ರವನ್ನು ನಡೆಸಿದಾಗಲೆಲ್ಲ ನಾನು ಅದರ ಎದುರು ಕುಳಿತು ಆ ಸದ್ದನ್ನು ಬೇರೊಂದು ಕಿವಿಯಿಂದ ಕೇಳತೊಡಗಿದೆ. ಮೊದಲು ‘ಇದು ನಿಲ್ಲಬಾರದೇ’ ಎನ್ನಿಸುತ್ತಿತ್ತು. ಈಗ ‘ಇದು ಭಾನುವಾರದವರೆಗೆ ನಿಲ್ಲದಿರಲಿ’ ಎಂದುಕೊಳ್ಳುತ್ತಿದ್ದೆ. ಸ್ವಲ್ಪ ಸದ್ದು ತಗ್ಗಿದಂತೆ ತೋರಿದರೆ ಪೀಪಾಯಿಗೆ ಕಿವಿಯೊಡ್ಡಿ ಕೇಳುತ್ತಿದ್ದೆ. ಹಾಗೆ ಹಾರೈಸುತ್ತಿದ್ದ ನನ್ನನ್ನು ಕಂಡು ನನಗೇ ಸಂಕೋಚವಾಗುತ್ತಿತ್ತು, ಆದರೂ ಹಾರೈಸುತ್ತಿದ್ದೆ. ನಿನ್ನ ಮಗುವಿನ ತೊಟ್ಟಿಲನ್ನು ಎಲ್ಲಿ ಕಟ್ಟುವುದು, ಬಾಡಿಗೆಯ ಮನೆಯಲ್ಲಿ ಹಸುಗೂಸನ್ನು ಇಟ್ಟುಕೊಂಡು ನೀನು ಹೇಗೆ ನಿಭಾಯಿಸುವೆ ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು.

ಶುಕ್ರವಾರ ತೂಬನ್ನು ತೆಗೆದು ನೀರನ್ನು ಹೊರಬಿಟ್ಟಾಗ ಕೊನೆಯಲ್ಲಿ ಕಂದು ಬಣ್ಣದ ಪುಡಿಯೂ ಒಂದೆರಡು ಸಣ್ಣ ಚೂರುಗಳೂ ಬಂದವು. ಅಂಗೈಯಲ್ಲಿಟ್ಟು ಉಜ್ಜಿ ನೋಡಿದೆ. ತೆಂಗಿನ ಕರಟ. ಕಾಂತಮ್ಮನೇ ಯಂತ್ರದ ಮೇಲಿನ ಸಿಟ್ಟಿಗೆ ಕರಟದ ಚೂರನ್ನು ಹಾಕಿದಳೇ ಎಂದು ಕರೆದು ಕೇಳಿದರೆ, ‘ಅಯ್ಯೋ, ನಾನ್ಯಾಕವ್ವ ಅದರ ತಂಟೆಗೋಗ್ಲಿ? ಮುಟ್ಟಿದ್ರೆ ಕೈ ಕಚ್ಚೀತು ಅಂತ ಅತ್ಲಾಗಿಂದ ಓಡಾಡ್ತೀನಿ’ ಎಂದಳು. ಅವಳ ಮುಖದಲ್ಲಿ ಸುಳ್ಳಿರಲಿಲ್ಲ. ಕರಟ ಯಂತ್ರದೊಳಗಿನದೇ ಆಗಿರಬೇಕು. ಅಲ್ಲಿಗೆ ಅದು ಏಕೆ ಬಂತು? ಅಲ್ಲಿಗೇ ನಿಲ್ಲಿಸಬಹುದಾಗಿತ್ತು. ನೀನು ಕೇಳಿದ್ದೂ ಅಷ್ಟನ್ನೇ. ನಿಲ್ಲಿಸಲಾಗಲಿಲ್ಲ.

ಶನಿವಾರ ಸಂಜೆಯ ಬಸ್ಸಿನಲ್ಲಿ ಅಳಿಯಂದಿರು ಬಂದರು. ಕಾಲು ತೊಳೆದು ಒಳಗೆ ಬರುವವರೆಗೆ ಮಾತ್ರ ನಾನು ತಡೆದುಕೊಂಡೆ.

‘ಯಂತ್ರದೊಳಗೆ ಕರಟ ಏಕಿದೆ?’ ಎಂದೆ.

‘ಅದೂ… ಗೋದಾ ನಿಮಗೆ ಉಪ್ಪಿನಕಾಯಿ ಕಳಿಸಿದಾಳೆ ಅತ್ತೆ.’

‘ಕೇಳಿದ ಪ್ರಶ್ನೆಗೆ ಉತ್ತರ.’

ಬಹಳ ಹೊತ್ತು ಟವೆಲಿನಲ್ಲಿ ಮುಖವನ್ನು ಒರೆಸಿಕೊಂಡರು. ಆಮೇಲೆ ನೆಲ ನೋಡುತ್ತ ಹೇಳಿದರು. ಕಂಬಿ ಪೀಪಾಯಿಯ ತಳವನ್ನು ತೂರುವ ಜಾಗದಲ್ಲಿ ನೀರು ಸೋರದಂತೆ, ಕಂಬಿ ಅಲುಗದಂತೆ ಒಂದು ಉಂಗುರ ಬೇಕಂತೆ. ರಬ್ಬರನ್ನು ಹಾಕಿದರೆ ಬಿಸಿನೀರಿಗೂ ಸೋಡಕ್ಕೂ ಅಂಟಂಟಾಗಿ ಕರಗುತ್ತದಂತೆ. ನಿಮ್ಮ ಕ್ವಾರ್ಟರ್ಸಿನಲ್ಲಿ ಅದು ಸದ್ದಿಲ್ಲದೆ ನಡೆಯುತ್ತಿದ್ದಾಗ ಅದರಲ್ಲಿ ಇದ್ದದ್ದು ಎಣ್ಣೆಯಲ್ಲಿ ನೆನೆಸಿದ ಚರ್ಮದ ಉಂಗುರ. ಬೇಲೂರಿಗೆ ಹೊರಡುವ ಮುನ್ನ ಅವರು ಅದನ್ನು ಕಿತ್ತು, ರೇವಣಸಿದ್ದಪ್ಪನವರ ಗೋದಾಮಿನಿಂದ ಒಂದು ಕರಟವನ್ನು ತಂದು, ಉಜ್ಜಿ ಉಂಗುರ ಮಾಡಿ ಕೂಡಿಸಿದ್ದರು.

‘ನಿಮ್ಮ ಮನೆಗೆ ಚರ್ಮ ಹೇಗೆ ತರಲಿ ಅತ್ತೆ? ನಲ್ಲಿ ಒಳಗೆ ಚರ್ಮದ ಬಿಲ್ಲೆ ಇರುತ್ತೆ ಅಂತ ನೀವು ನಲ್ಲಿ ನೀರನ್ನ ಅಡುಗೆಗೇ ಸೋಕಿಸೋದಿಲ್ಲ. ಹೇಳಿದ್ರೆ ನೀವು ಇದನ್ನ ಹೊಸಲು ದಾಟಿಸ್ತಿರಲಿಲ್ಲ. ಹೇಳದೆ ಇಟ್ಟು ನಿಮ್ಮ ಮಡಿ ಕೆಡಿಸೋಕೆ ನನಗೆ ಮನಸ್ಸು ಬರಲಿಲ್ಲ.’

‘ಸದ್ದಾಗುತ್ತದೆಂದು ಗೊತ್ತಿತ್ತೆ?’

‘ಇಷ್ಟಾಗುತ್ತೆ ಅಂತ ಗೊತ್ತಿರಲಿಲ್ಲ.’

ಅದಕ್ಕೆಂದೇ ಇನ್ನಷ್ಟು ದಪ್ಪವಾದ ಮತ್ತೊಂದು ಕರಟದ ಉಂಗುರವನ್ನು ಜೇಬಿನಲ್ಲಿ ತಂದಿದ್ದರು. ಅದನ್ನು ಕೂಡಿಸಿ ನಡೆಸಿದರು. ಸದ್ದು ಮೊದಲಿಗಿಂತ ಹೆಚ್ಚಾಯಿತು. ಗೋಡೆಯಾಚೆ ಶ್ರೀರಂಗಮ್ಮ ಕಿಟಕಿಯನ್ನು ಧಡಾರನೆ ಮುಚ್ಚಿದ್ದು ಕೇಳಿಸಿತು. ಅಳಿಯಂದಿರು ಗುಂಡಿಯನ್ನು ಆರಿಸಿ ಜಗುಲಿಯ ಅಂಚಿನಲ್ಲಿ ಕುಳಿತರು. ‘ಹೋಗ್ಲಿ ಬಿಡಿ ಅತ್ತೆ, ಗೋದಾಗೆ ಸಂತೋಷವಾಗುತ್ತೆ’ ಎಂದರು.

ನಿನ್ನ ಪತ್ರದ ಸಂಗತಿಯನ್ನು ನಾನು ಅವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಆದರೂ ನಿನ್ನ ಮನಸ್ಸು ಅವರಿಗೆ ತಿಳಿದಿದೆ, ಗೋದಾ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

ನಿನ್ನೆ ಬೆಳಗ್ಗೆ ಸ್ನಾನ ಮುಗಿಸಿ ಬಂದು ‘ಚರ್ಮದ ಉಂಗುರವನ್ನೇ ಹಾಕಿ’ ಎಂದೆ. ಅವರು ಕೇಳಿಸದವರಂತೆ ನೋಡಿದರು. ಎರಡನೆಯ ಸಲ ಹೇಳಬೇಕಾಯಿತು. ನೀನು ಈ ಸಾಲಿನಲ್ಲಿ ನಿಂತು ‘ಏಕಮ್ಮ?’ ಎಂದು ಕೇಳುತ್ತೀಯೆ. ನನ್ನ ಉತ್ತರ ಇಷ್ಟೇ. ಯಂತ್ರದಲ್ಲಿ ದೋಷವಿದ್ದು ಅದು ಅರಚಿದ್ದರೆ ನಾನು ಕೈಕಟ್ಟಿ ಕುಳಿತು ನಿನ್ನ ಮಾತನ್ನು ನಡೆಸಿಕೊಡುತ್ತಿದ್ದೆ. ದೋಷವಿರಲಿಲ್ಲ. ನನ್ನ ಅಡುಗೆಮನೆಯ ಮೇಲಿನ ಗೌರವದಿಂದ ಅವರು ತಮ್ಮ ಒಳ್ಳೆಯ ಕೆಲಸವನ್ನು ತಾವೇ ಕೆಡಿಸಿಕೊಂಡಿದ್ದರು. ಅದನ್ನು ತಿಳಿದೂ ಅನುತ್ತೀರ್ಣವೆಂದು ಬರೆಯುವ ಕೈ ನನ್ನದಲ್ಲ.

ಅರಸೀಕೆರೆಯ ಉಂಗುರ ಅರಸೀಕೆರೆಯಲ್ಲೇ ಉಳಿದಿತ್ತು. ನಮ್ಮ ಮನೆಯಲ್ಲಿ ಚರ್ಮವೆಂಬುದು ಎಲ್ಲಿಂದ ಬರಬೇಕು? ಅಳಿಯಂದಿರು ಸುತ್ತಲೂ ನೋಡಿ, ಕೊನೆಗೆ ಸೊಂಟದ ಬೆಲ್ಟನ್ನು ಬಿಚ್ಚಿದರು. ರೈಲ್ವೆಯವರು ಕೊಟ್ಟ ಬೆಲ್ಟು, ಗೋದಾ. ಅದನ್ನು ಜಗುಲಿಯ ಕಲ್ಲಿನ ಮೇಲಿಟ್ಟು, ಉಳಿಯಿಂದ ಕತ್ತರಿಸಿ ಉಂಗುರ ತೆಗೆದರು. ಕತ್ತರಿಸುವಾಗ ಅವರ ಕೈ ಒಂದು ಸಲವೂ ಹಿಂಜರಿಯಲಿಲ್ಲ. ಅದನ್ನು ನೋಡುತ್ತ ನಿಂತ ನನಗೆ, ಇವರು ಆ ನೌಕರಿಗೆ ಮನಸ್ಸಿನಲ್ಲಿ ಆಗಲೇ ರಾಜೀನಾಮೆ ಕೊಟ್ಟಾಗಿದೆ ಎಂದು ಆಗ ತಿಳಿಯಿತು. ನೆನೆಸಲು ಹರಳೆಣ್ಣೆಯನ್ನು ನಾನೇ ಬಟ್ಟಲಿನಲ್ಲಿ ತಂದುಕೊಟ್ಟೆ. ಅವರು ಒಂದು ಕೈಯಲ್ಲಿ ಉಂಗುರವನ್ನೂ ಇನ್ನೊಂದು ಕೈಯಲ್ಲಿ ಜಾರುವ ಪ್ಯಾಂಟನ್ನೂ ಹಿಡಿದುಕೊಂಡು ಓಡಾಡುವುದನ್ನು ನೋಡಲಾರದೆ, ಪೆಟ್ಟಿಗೆಯಿಂದ ನಿನ್ನ ತಂದೆಯವರ ಪಂಚೆಯೊಂದನ್ನು ತೆಗೆದುಕೊಟ್ಟದ್ದೂ ನಾನೇ.

ಮಧ್ಯಾಹ್ನ ಊಟವಾದ ಮೇಲೆ ರೇವಣಸಿದ್ದಪ್ಪನವರ ಕಾರು ಬಂತು. ಜೊತೆಯಲ್ಲಿ ಅವರ ಪತ್ನಿ ಶಿವಗಂಗಮ್ಮನವರೂ ಇದ್ದರು. ಹಣೆ ತುಂಬ ವಿಭೂತಿ, ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಗಂಟು. ಗಂಟನ್ನು ಯಂತ್ರದ ಪಕ್ಕದಲ್ಲಿ ಬಿಚ್ಚಿದಾಗ ನಾನು ಬೆರಗಾದೆ. ಹಳೇಬೀಡಿನ ಕೆರೆಯ ಏರಿಯ ಮೇಲೆ ಬುತ್ತಿ ಉಂಡು, ತಟ್ಟೆಗಳನ್ನು ತೊಳೆಯದೆ ಹಾಗೆಯೇ ಕಟ್ಟಿಕೊಂಡು ಬಂದಿದ್ದರು. ರಾಗಿಮುದ್ದೆ ಒಣಗಿ ಗಾರೆಯಂತೆ ಹತ್ತಿತ್ತು.

‘ತಪ್ಪು ತಿಳೀಬ್ಯಾಡ್ರಿ ಮೇಷ್ಟ್ರಮ್ಮ. ನಿಮ್ಮ ಮನೆ ಪಾತ್ರೆ ಮೊದ್ಲೇ ತಿಕ್ಕಿಟ್ಟಿರ್ತಾರೆ ಅಂತ ನಮ್ಮದೇ ತಂದೆ. ನಮ್ಮ ಮುಸುರೆ ನಿಮ್ಮ ಮಿಷಿನ್ನಿಗೆ ಹಾಕಬೋದೇನ್ರೀ?’

ಪರೀಕ್ಷೆ ಮಾಡುವ ಕ್ರಮ ತಿಳಿದ ಹೆಂಗಸು. ನನಗೆ ಅವರ ಮೇಲೆ ಗೌರವ ಹುಟ್ಟಿತು, ಜೊತೆಗೆ ಭಯವೂ. ‘ಹಾಕಿ’ ಎಂದೆ.

‘ನಮ್ಮ ಮನೆಯಾಕೆ ಒಪ್ಪಿದ್ರೆ ಅರಸೀಕೆರೆಯೇ ಒಪ್ಪಿದಂಗೆ ಕಣಪ್ಪ ಯೋಗನರಸಿಂಹ’ ಎಂದು ರೇವಣಸಿದ್ದಪ್ಪನವರು ಅಳಿಯಂದಿರ ಬೆನ್ನು ತಟ್ಟಿದರು. ‘ನಾನು ದುಡ್ಡು ಹಾಕೋನು, ಅಷ್ಟೇಯ. ಬಾಯಿ ಅವಳದು.’

ಗುಂಡಿಯನ್ನು ಒತ್ತಿದರು. ಗೋದಾ, ಆ ಯಂತ್ರದಿಂದ ಬಂದದ್ದು ಹೆಂಚಿನ ಮೇಲೆ ಸೋನೆ ಮಳೆ ಬಿದ್ದಂಥ ಸದ್ದು, ಅಷ್ಟೆ. ನಾವು ನಾಲ್ವರೂ ಸುತ್ತ ನಿಂತು ಅದನ್ನೇ ಕೇಳುತ್ತಿದ್ದೆವು. ಏನಾಯಿತೋ ಎಂದು ಗೋಡೆಯ ಮೇಲಿಂದ ಇಣುಕಿದ ಶ್ರೀರಂಗಮ್ಮ, ‘ಏನ್ರೀ, ಕೆಟ್ಟುಹೋಯ್ತಾ?’ ಎಂದು ಕೇಳಿದರು! ಮುಚ್ಚಳ ತೆಗೆದಾಗ ತಟ್ಟೆಗಳು ಹೊಳೆಯುತ್ತಿದ್ದವು. ಶಿವಗಂಗಮ್ಮನವರು ಒಂದನ್ನು ಎತ್ತಿ ಅಂಚನ್ನು ಬೆರಳಿನಿಂದ ಉಜ್ಜಿದರು, ಮೂಸಿದರು, ಬೆಳಕಿಗೆ ಹಿಡಿದರು. ಆಮೇಲೆ ಅಳಿಯಂದಿರನ್ನು ಬಿಟ್ಟು ನನ್ನ ಕಡೆಗೆ ತಿರುಗಿದರು.

‘ಮೇಷ್ಟ್ರಮ್ಮ, ಒಂದು ಮಾತು ಕೇಳ್ತೀನಿ, ನೀವೇ ಹೇಳ್ಬೇಕು. ಮಠದ ಅಯ್ಯನೋರು ನಮ್ಮನೇಲಿ ಪ್ರಸಾದ ತಗೋತಾರೆ. ಇದರೊಳಗೆ ಚರ್ಮಗಿರ್ಮ ಏನಾರ ಐತೇನ್ರೀ?’

ಅಳಿಯಂದಿರ ಮುಖದಲ್ಲಿ ರಕ್ತವಿರಲಿಲ್ಲ. ಅವರು ಬಾಯಿ ತೆರೆಯುವ ಮೊದಲೇ ನಾನು ‘ಇದೆ’ ಎಂದೆ. ‘ಕಂಬಿಯ ಬುಡದಲ್ಲಿ ಚರ್ಮದ ಉಂಗುರವಿದೆ.’

ಅಲ್ಲಿಗೆ ನಿಲ್ಲಿಸಿದ್ದರೆ ನೀನು ಕೇಳಿದ್ದೆಲ್ಲವೂ ನಡೆದುಹೋಗುತ್ತಿತ್ತು, ಮಗಳೇ. ಶಿವಗಂಗಮ್ಮನವರ ಕೈ ಆಗಲೇ ತಟ್ಟೆಯಿಂದ ಹಿಂದೆ ಸರಿದಿತ್ತು. ರೇವಣಸಿದ್ದಪ್ಪನವರು ಕೆಮ್ಮಿ ಕಾರಿನ ಕಡೆಗೆ ನೋಡಿದರು. ನಾನು ಸತ್ಯವನ್ನು ಹೇಳಿದ್ದೆ, ಪೂರ್ಣವಾಗಿ ಹೇಳಿದ್ದೆ. ಯಾರೂ ನನ್ನನ್ನು ದೂರುವಂತಿರಲಿಲ್ಲ. ನಿನ್ನ ಯಜಮಾನರು ಬುಧವಾರ ಮನೆಗೆ ಬಂದು, ಗುರುವಾರ ಎಂದಿನಂತೆ ಕೆಲಸಕ್ಕೆ ಹೋಗುತ್ತಿದ್ದರು. ನಿನ್ನ ಮಗು ಕ್ವಾರ್ಟರ್ಸಿನಲ್ಲೇ ಅಂಬೆಗಾಲಿಡುತ್ತಿತ್ತು. ಇದೆಲ್ಲವೂ ನನ್ನ ಕಣ್ಣ ಮುಂದೆ ಹಾದುಹೋಯಿತು. 

ಅಳಿಯಂದಿರು ಬಗ್ಗಿ, ಶಿವಗಂಗಮ್ಮನವರ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ, ಅವರ ಬಟ್ಟೆಯಲ್ಲಿ ಸುತ್ತಿ, ಗಂಟು ಹಾಕಲು ತೊಡಗಿದರು. ಸೋತವರು ಸಿಟ್ಟು ಮಾಡುವುದನ್ನು, ಅಳುವುದನ್ನು, ನೆಪ ಹೇಳುವುದನ್ನು ನಾನು ತರಗತಿಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಇಷ್ಟು ಮರ್ಯಾದೆಯಿಂದ ಬೇರೆಯವರ ತಟ್ಟೆ ಕಟ್ಟಿಕೊಡುವುದನ್ನು ನೋಡಿರಲಿಲ್ಲ.

‘ಇಂದು ನಾನು ಇದರಲ್ಲಿ ತೊಳೆದ ತಟ್ಟೆಯಲ್ಲೇ ಊಟ ಮಾಡಿದ್ದೇನೆ’ ಎಂದೆ.

ಶಿವಗಂಗಮ್ಮನವರು ನನ್ನನ್ನು ದಿಟ್ಟಿಸಿದರು. ‘ನೀವಾ? ಅಯ್ಯಂಗಾರ್ರ ಮಡಿಯೋರು? ನಿಜವಾಗ್ಲೂನಾ?’

‘ಏನೇ ನೀನು, ಮೇಷ್ಟ್ರಮ್ಮನ ಮಾತು ಎರಡು ಸಲ ಕೇಳ್ತೀಯಾ?’ ಎಂದು ಅವರ ಯಜಮಾನರು ಗದರಿದರು.

‘ಕೇಳ್ದಿದ್ರೆ ಹೆಂಗೆ? ಮನೇಲಿ ಉತ್ತರ ಹೇಳೋಳು ನಾನು’ ಎಂದು ಅವರಿಗೆ ತಿರುಗೇಟು ಕೊಟ್ಟು, ನನ್ನ ಕಡೆ ನೋಡಿ ಮೆಲ್ಲಗೆ ಹೇಳಿದರು: ‘ನೀವೇ ಉಂಡಿದ್ದೀರಿ ಅಂದ್ಮೇಲೆ ನಂದೇನೈತೆ? ಅಯ್ಯನೋರ ತಟ್ಟೆ ಮಾತ್ರ ಬ್ಯಾರೆ ಇಟ್ಕೋತೀನಿ, ಕೈಯಲ್ಲೇ ಬೆಳಗ್ತೀನಿ. ಮಿಕ್ಕಿದ್ದಕ್ಕೆಲ್ಲ ಇದು ಆಗ್ತದೆ.’

‘ಹಂಗಾರೆ ಆಷಾಢ ಕಳೀಲಿ’ ಎಂದರು ರೇವಣಸಿದ್ದಪ್ಪನವರು. ‘ಶ್ರಾವಣ ಹುಟ್ಟಿದ ಕೂಡ್ಲೆ ಗೋಡೌನು ಖಾಲಿ ಮಾಡಿಸ್ತೀನಿ. ಕೆಲಸ ಬಿಟ್ಟು ಬಂದ್ಬಿಡಪ್ಪ.’

ನಡೆದದ್ದು ಇದು. ನೀನು ಬೇಡಿದ್ದು ಒಂದು, ನಾನು ಮಾಡಿದ್ದು ಇನ್ನೊಂದು. ಶ್ರಾವಣಕ್ಕೆ ಇನ್ನು ಎರಡು ವಾರ ಮಾತ್ರ ಇದೆ. ಹೊರಡುವಾಗ ಅಳಿಯಂದಿರಿಗೆ ನಾನು ಒಂದೇ ಮಾತನ್ನು ಹೇಳಿದೆ. ಗೋದಾಳನ್ನು ಎದುರಿಗೆ ಕೂರಿಸಿಕೊಂಡು ಮಾತಾಡದೆ ರಾಜೀನಾಮೆಯನ್ನು ಬರೆಯಕೂಡದು. ಅವಳು ಅತ್ತರೆ ಎದ್ದು ಹೋಗಕೂಡದು. ‘ಆಗಲಿ ಅತ್ತೆ’ ಎಂದರು. ಮಾತು ತಪ್ಪುವವರಲ್ಲ. ಆದ್ದರಿಂದ ಇನ್ನೂ ಏನೂ ಮುಗಿದಿಲ್ಲ; ನೀನು ಹೇಳಬೇಕಾದ್ದನ್ನು ಅವರ ಮುಖ ನೋಡಿ ಹೇಳು, ನನ್ನ ಮೂಲಕ ಹೇಳಿಸಬೇಡ. ಬೇಡವೆಂದರೂ ಸರಿ. ಬೇಡವೆನ್ನುವ ಹಕ್ಕು ನಿನಗಿದೆ. ಗದ್ದಲ ಮಾಡುವ ಯಂತ್ರಕ್ಕೆ ಆ ಹಕ್ಕನ್ನು ವಹಿಸಿಕೊಡಬೇಡ.

ನಾನು ಮಾಡಿದ್ದು ಸರಿಯೆಂದು ಬರೆಯಲು ನನಗೆ ಧೈರ್ಯವಿಲ್ಲ. ಶ್ರಾವಣದಲ್ಲಿ ಗೋದಾಮು ತೆರೆಯಬಹುದು, ಕಾರ್ತೀಕದಲ್ಲಿ ಮುಚ್ಚಲೂಬಹುದು. ಬಾಣಂತಿತನಕ್ಕೆ ನೀನು ಇಲ್ಲಿಗೇ ಬಾ. ಎಲ್ಲಿ ಏನಾದರೂ ನಿನಗೂ ಮಗುವಿಗೂ ಈ ಮನೆ ಇದೆ. ಕೋಪ ಬಂದರೆ ನನ್ನ ಮೇಲೆ ತೋರಿಸು, ಅವರ ಮೇಲಲ್ಲ. ಬುಧವಾರ ಅವರು ಪಂಚೆಯಲ್ಲಿ ಬಂದಿಳಿದರೆ ನಗಬೇಡ. ಬಿಸಿನೀರು ಕಾಯಿಸಿಡು. ಭಾರ ಎತ್ತಬೇಡ. ಮರುಟಪಾಲಿಗೆ ಉತ್ತರ ಬರೆ; ಬೈದಾದರೂ ಸರಿ, ಬರೆ.

ನಿನ್ನ ಉತ್ತರಕ್ಕಾಗಿ ಅಂಚೆಯವನ ದಾರಿಯನ್ನೇ ನೋಡುತ್ತಿರುವ
ನಿನ್ನ ತಾಯಿ
ವೇದವಲ್ಲಿ

ಮ. ಮಾ.: ಶಿವಗಂಗಮ್ಮನವರಿಗೆ ಹೇಳಿದ ಕೊನೆಯ ಮಾತು, ಹೇಳಿದ ಹೊತ್ತಿನಲ್ಲಿ ನಿಜವಾಗಿರಲಿಲ್ಲ. ಅಂದು ಮಧ್ಯಾಹ್ನ ನಾನೂ ಅಳಿಯಂದಿರೂ ಎಂದಿನಂತೆ ಬಾಳೆಯೆಲೆಯಲ್ಲೇ ಉಂಡಿದ್ದೆವು. ಅಳಿಯಂದಿರಿಗೆ ಅದು ಗೊತ್ತು. ಅದಕ್ಕೇ ಬಸ್ಸು ಹತ್ತುವವರೆಗೂ ನನ್ನ ಮುಖವನ್ನು ನೋಡಲಾರದೆ ಹೋದರು. ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿಕೊಂಡು, ಒಂದು ತಟ್ಟೆಯನ್ನು ಆ ಯಂತ್ರದಲ್ಲಿ ತೊಳೆದು, ಮೊಸರನ್ನವನ್ನು ಬಡಿಸಿಕೊಂಡು ಹೊತ್ತು ಮುಳುಗುವ ಮುನ್ನ ಉಂಡೆ. ನಿನ್ನ ತಂದೆಯವರು ಹೋದ ಮೇಲೆ ಒಂದೇ ದಿನದಲ್ಲಿ ಎರಡು ಸಲ ಅನ್ನ ಉಂಡದ್ದು ನಿನ್ನೆಯೇ ಮೊದಲು. ತಟ್ಟೆಯನ್ನು ಖಾಲಿ ಮಾಡಿದೆ. ಅಳಿಯಂದಿರು ಕೇಳಿದರೆ, ಅಮ್ಮ ಅಂದು ಆ ತಟ್ಟೆಯಲ್ಲಿ ಉಂಡದ್ದು ನಿಜ ಎಂದು ಹೇಳು. ಯಾವ ಹೊತ್ತಿನಲ್ಲಿ ಎಂದು ಹೇಳುವುದು ಬೇಡ.